ಮನೆ ಮೆಚ್ಚಿದ ಸೊಸೆ: ಕಿರುತೆರೆ ಪ್ರಶಸ್ತಿಗಳಲ್ಲಿ ಸಂಬಂಧವಾಚಕಗಳು

ಪ್ರತಿವರ್ಷ ನಡೆಯುವ ಕಿರುತೆರೆ ಪ್ರಶಸ್ತಿ ಸಮಾರಂಭಗಳನ್ನು ಕೇವಲ ಮನರಂಜನೆಯೆಂದು ಪರಿಭಾವಿಸಲಾಗುತ್ತದೆ. ಆದರೆ ಅಲ್ಲಿನ ಪ್ರಶಸ್ತಿಗಳ ಹೆಸರುಗಳು ಭಾಷಿಕ ಅಧ್ಯಯನಕ್ಕೆ ಗಣನೀಯ ಆಕರಗಳಾಗಿವೆ. ಅವು ಯಾರ ಪರವಾಗಿ, ಯಾರ ಕನ್ನಡದಲ್ಲಿ ಮಾತನಾಡುತ್ತವೆ ಎಂಬುದನ್ನು ಬೀದರ ಜಿಲ್ಲೆಯ ಹುಲಸೂರ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಆಶಯ.

2001ರಲ್ಲಿ ಆರಂಭವಾದ ಇಂಡಿಯನ್ ಟೆಲಿ ಅವಾರ್ಡ್ಸ್‌ನಂತಹ ರಾಷ್ಟ್ರಮಟ್ಟದ ಸಮಾರಂಭಗಳಲ್ಲಿ ಹಿಂದಿ ಧಾರಾವಾಹಿಗಳದೇ ಪ್ರಾಧಾನ್ಯ. ಕನ್ನಡದಲ್ಲಿ ವಾಹಿನಿಗಳು ತಮ್ಮದೇ ಕಾರ್ಯಕ್ರಮಗಳಿಗೆ ಪ್ರಶಸ್ತಿ ನೀಡುವ ಪದ್ಧತಿ ಬೆಳೆದುಬಂದಿದೆ. ಕಲರ್ಸ್ ಕನ್ನಡದ ಸಮಾರಂಭದ ಹೆಸರು ‘ಅನುಬಂಧ’. ಜೀ ಕನ್ನಡದ್ದು ‘ಕುಟುಂಬ’. ಎರಡೂ ಹೆಸರುಗಳು ವೀಕ್ಷಕರನ್ನು ಬಂಧುಗಳೆಂದು ಕರೆಯುತ್ತವೆ.

‘ಅತ್ಯುತ್ತಮ ನಟಿ’ ಎಂಬಲ್ಲಿ ನಟನೆಯ ಕೌಶಲ ಅಳತೆಗೋಲು. ‘ಜನ ಮೆಚ್ಚಿದ ನಾಯಕಿ’ ಎಂಬಲ್ಲಿ ತೀರ್ಪು ಜನರದು. ‘ಮನೆ ಮೆಚ್ಚಿದ ಸೊಸೆ’ ಎಂಬಲ್ಲಿ ಕಲಾವಿದೆ ಹಿಂದೆ ಸರಿದು ಪಾತ್ರದ ನಡತೆ ಮುಂದೆ ಬರುತ್ತದೆ. ನೋಡುವ ಮನೆಯೇ ಅತ್ತೆಯ ಮನೆಯಾಗಿ, ಸೊಸೆಯನ್ನು ಒಪ್ಪುವ ಅಧಿಕಾರ ಪಡೆಯುತ್ತದೆ. ದುಡಿದದ್ದು ನಟಿಯಾದರೂ ಮನ್ನಣೆ ಸೊಸೆತನಕ್ಕೆ ಸಲ್ಲುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಹಿಂದೆ ಬಸವಕಲ್ಯಾಣ ತಾಲ್ಲೂಕಿನಲ್ಲಿದ್ದ ಹುಲಸೂರ ಪರಿಸರಕ್ಕೆ ಈ ಎರಡೂ ಬಗೆಯ ಪದಗಳು ಹೊಸವಲ್ಲ. ಶಾಸನಗಳಲ್ಲಿ ‘ಪ್ರಶಸ್ತಿ’ ಎಂದರೆ ಅರಸರ ಬಿರುದು, ಪರಾಕ್ರಮಗಳನ್ನು ಹೊಗಳುವ ಭಾಗ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿತ್ತು. ಅದೇ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ‘ಅಣ್ಣ’, ‘ಅಕ್ಕ’ ಎಂಬ ಪದಗಳನ್ನು ರಕ್ತಸಂಬಂಧದಿಂದ ಬಿಡಿಸಿ, ಜಾತಿಯ ಗೆರೆ ದಾಟಿದ ಬಾಂಧವ್ಯಕ್ಕೆ ಬಳಸಿದರು. ಅಲ್ಲಿ ಸಂಬಂಧವಾಚಕವು ಮನೆಯ ಮಿತಿಯನ್ನು ವಿಸ್ತರಿಸಿತು; ಕಿರುತೆರೆಯಲ್ಲಿ ಅದು ಮತ್ತೆ ಮನೆಯೊಳಗೇ ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆ ಕನ್ನಡದ್ದೇ. ಮರಾಠಿ, ಉರ್ದು, ತೆಲುಗುಗಳ ಸಂಪರ್ಕದಲ್ಲಿರುವ ಈ ಗಡಿಭಾಗದಲ್ಲಿ ಪದಾಂತ್ಯದ ಎಕಾರ ಆಡುಮಾತಿನಲ್ಲಿ ಇಕಾರವಾಗುತ್ತದೆ: ಮನೆ ‘ಮನಿ’ಯಾಗುತ್ತದೆ, ಅತ್ತೆ ‘ಅತ್ತಿ’, ಸೊಸೆ ‘ಸೊಸಿ’. ‘ಜನ ಮೆಚ್ಚಿದ’ ಎಂಬಲ್ಲಿನ ‘ಜನ’ದೊಳಗೆ ‘ಸೊಸಿ’ ಎನ್ನುವವರೂ ಇದ್ದಾರೆ. ಅವರ ಮಾತು ಮಾತ್ರ ವೇದಿಕೆಯಿಂದ ದೂರವುಳಿದಿದೆ. 2020ರಲ್ಲಿ ಆರಂಭವಾದ ‘ಗಿಣಿರಾಮ’ ಧಾರಾವಾಹಿ ಉತ್ತರ ಕರ್ನಾಟಕದ ಆಡುನುಡಿಯನ್ನು ಪ್ರಧಾನ ಪಾತ್ರಗಳ ಬಾಯಲ್ಲಿಟ್ಟದ್ದು ಮಹತ್ವದ ಬೆಳವಣಿಗೆ. ಆದರೆ ‘ಉತ್ತರ ಕರ್ನಾಟಕದ ಮಾತು’ ಎಂಬ ಒಂದೇ ಹೆಸರಿನಡಿ ಧಾರವಾಡ, ವಿಜಯಪುರ, ಬೀದರಗಳ ಭೇದಗಳು ಅಳಿಸಿಹೋಗುವ ಅಪಾಯವೂ ಇದೆ.

ಪ್ರಶಸ್ತಿಯೆಂಬುದು ಮೆಚ್ಚುಗೆಯೊಂದಿಗೆ ಮಾದರಿಯನ್ನೂ ರೂಪಿಸುತ್ತದೆ. ಯಾವ ಸೊಸೆ ಒಳ್ಳೆಯವಳು ಎಂಬುದರ ಜತೆಗೆ ಯಾವ ಕನ್ನಡ ಒಪ್ಪತಕ್ಕದ್ದು ಎಂಬುದನ್ನೂ ಅದು ಮೌನವಾಗಿ ಹೇಳಿಕೊಡುತ್ತದೆ. ಆಯಾ ಪ್ರದೇಶದ ಮಾತನ್ನು ಹಾಸ್ಯಕ್ಕೆ ಸೀಮಿತಗೊಳಿಸದೆ ಬದುಕಿನ ಭಾಷೆಯಾಗಿ ಬರೆಯುವ ಸಂಭಾಷಣಕಾರನಿಗೂ ಅದನ್ನು ಆಡಿ ತೋರಿಸುವ ನಟಿಗೂ ಅವರ ಕಸುಬಿನ ಹೆಸರಿನಲ್ಲೇ ಗೌರವ ದೊರೆತಾಗ ‘ಜನ ಮೆಚ್ಚಿದ’ ಎಂಬ ವಿಶೇಷಣ ಅರ್ಥಪೂರ್ಣವಾಗುತ್ತದೆ.