ಮನೆಯಲ್ಲಿ ಏನಿದೆ? ಸಾಲದ ಹೊರೆ ಇಳಿಸುವ ಕುಟುಂಬಕ್ಕೊಂದು ಪಾಠ

ಓದಿಕೊಳ್ಳಬೇಕಾದ ಭಾಗ: ಅರಸುಗಳು, ಎರಡನೆಯ ಗ್ರಂಥ 4:1-7



ಸಾಲ ಎಂಬ ಮಾತು ದೇವಾಲಯದ ಪ್ರಬೋಧನೆಯಲ್ಲಿ ಅಪರೂಪಕ್ಕೆ ಬರುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ದಿನಕ್ಕೆ ಹತ್ತು ಸಲ ಬರುತ್ತದೆ. ಮಗಳ ಮದುವೆಗೆ ಸಾಲ, ಮಗನ ಕಾಲೇಜಿಗೆ ಸಾಲ, ಆಸ್ಪತ್ರೆಗೆ ಸಾಲ, ಕೊಳವೆಬಾವಿಗೆ ಸಾಲ. ಕೊನೆಗೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಸಾಲ ಕೊಟ್ಟವರು ಪಕ್ಕದ ಬೆಂಚಿನಲ್ಲಿ ಕೂರುತ್ತಾರೆಂದು ಭಾನುವಾರದ ಬಲಿಪೂಜೆಗೇ ಬರದವರು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ.

ಬೈಬಲ್ ಗ್ರಂಥಕ್ಕೆ ಈ ವಿಷಯದಲ್ಲಿ ಸಂಕೋಚವಿಲ್ಲ. ಪ್ರವಾದಿ ಎಲೀಷನ ಕಾಲದಲ್ಲಿ ಒಬ್ಬ ವಿಧವೆ ಇದ್ದಳು. ಅವಳ ಗಂಡ ಪ್ರವಾದಿಗಳ ಶಿಷ್ಯರಲ್ಲೊಬ್ಬ, ದೇವಭಯವುಳ್ಳವನು. ಅವನು ಸತ್ತ ಮೇಲೆ ಸಾಲಗಾರ ಬಂದು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ನಿಂತಿದ್ದ. ಅವಳು ಪ್ರವಾದಿಯ ಬಳಿ ಹೋಗಿ ಗೋಳಾಡಿದಳು. ಪ್ರವಾದಿ ಅವಳಿಗೆ ಹಣ ಕೊಡಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದರು. ಒಂದು ಕುಡಿಕೆ ಎಣ್ಣೆ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಮುಂದಿನದು ನಿಮಗೆ ಗೊತ್ತು: ನೆರೆಹೊರೆಯವರಿಂದ ಬರಿ ಪಾತ್ರೆಗಳನ್ನು ತಂದಳು, ಬಾಗಿಲು ಮುಚ್ಚಿ ಮಕ್ಕಳೊಂದಿಗೆ ಎಣ್ಣೆ ಸುರಿದಳು, ಪಾತ್ರೆ ಮುಗಿಯುವವರೆಗೂ ಎಣ್ಣೆ ನಿಲ್ಲಲಿಲ್ಲ. ಆಗ ಪ್ರವಾದಿ ಹೇಳಿದ್ದು ಮೂರೇ ಕೆಲಸ: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳೊಂದಿಗೆ ಬದುಕು.

ಅದ್ಭುತ ದೇವರದು. ಆದರೆ ಅದರ ಸುತ್ತಲಿನ ಕೆಲಸವೆಲ್ಲ ಆ ಕುಟುಂಬದ್ದು. ಆ ಕೆಲಸವನ್ನೇ ಇಂದು ಹಂತ ಹಂತವಾಗಿ ನೋಡೋಣ.

1. ಸಾಲ ಮಾಡಿದವನು ಪಾಪಿಯೇ?

ಅಲ್ಲ. ವಿಧವೆಯ ಗಂಡ ದೇವಭಕ್ತನಾಗಿದ್ದೂ ಸಾಲ ಬಿಟ್ಟು ಸತ್ತ. ಕಷ್ಟಕ್ಕೆ ಸಿಕ್ಕವನು ಬಡ್ಡಿಗೆ ಸಾಲ ಪಡೆದರೆ ಅದು ಪಾಪವಲ್ಲ, ಅವನ ಕಷ್ಟವನ್ನು ಹಿಂಡಿ ಅನ್ಯಾಯದ ಬಡ್ಡಿ ತೆಗೆಯುವುದು ಪಾಪ ಎಂದು 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸ್ ವಿವರಿಸಿದ್ದಾರೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (1992) ಇನ್ನೂ ಕಟುವಾಗಿದೆ. ದುರಾಸೆಯ ಬಡ್ಡಿ ವ್ಯವಹಾರದಿಂದ ಜನರನ್ನು ಹಸಿವಿಗೂ ಸಾವಿಗೂ ದೂಡುವವರು ಪರೋಕ್ಷವಾಗಿ ಕೊಲೆಯ ಹೊಣೆ ಹೊರುತ್ತಾರೆ ಎಂಬುದು ಅದರ 2269ನೇ ಪರಿಚ್ಛೇದದ ಬೋಧನೆ. ಬಡ್ಡಿಗೆ ಹಣ ಕೊಡುವ ಕ್ರೈಸ್ತರು ಇದನ್ನು ಒಮ್ಮೆ ಓದಿಕೊಳ್ಳಬೇಕು.

ಹಾಗೆಂದು ಸಾಲ ತೀರಿಸುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಅದು ದಾನವಲ್ಲ, ನ್ಯಾಯ. ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ (13:8) ಪ್ರೀತಿಯ ಋಣವೊಂದನ್ನು ಬಿಟ್ಟು ಬೇರೆ ಯಾವ ಋಣವನ್ನೂ ಉಳಿಸಿಕೊಳ್ಳಬಾರದೆಂದು ಬೋಧಿಸುತ್ತಾರೆ. ಈಗ ಕೊಡಲು ಕೈಯಲ್ಲಿ ಇಲ್ಲದಿದ್ದರೆ ಕರ್ತವ್ಯ ಕಾಯುತ್ತದೆ, ಸಾಯುವುದಿಲ್ಲ. ಕೊಡಬಲ್ಲವನು ತಲೆಮರೆಸಿಕೊಂಡರೆ ಅದು ಇನ್ನೊಬ್ಬರ ಹಣ ಇಟ್ಟುಕೊಂಡಂತೆ.

2. ಮೊದಲು ಬಾಯಿ ಬಿಡಿ

ವಿಧವೆ ಮಾಡಿದ ಮೊದಲ ಕೆಲಸ ಹಣ ಹುಡುಕಿದ್ದಲ್ಲ. ನಂಬಿಕಸ್ಥರೊಬ್ಬರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದ್ದು. ನಮ್ಮಲ್ಲಿ ಎಷ್ಟೋ ಸಾಲಗಳು ಬೆಳೆಯುವುದು ಬಡ್ಡಿಗಿಂತ ಹೆಚ್ಚಾಗಿ ಮೌನದಿಂದ. ಗಂಡ ಮಾಡಿದ ಕೈಸಾಲ ಹೆಂಡತಿಗೆ ಗೊತ್ತಿಲ್ಲ. ಹೆಂಡತಿ ಸಂಘದಲ್ಲಿ ತೆಗೆದ ಸಾಲ ಗಂಡನಿಗೆ ಗೊತ್ತಿಲ್ಲ. ಮಗ ಮೊಬೈಲ್ ಆ್ಯಪಿನಲ್ಲಿ ತೆಗೆದದ್ದು ಇಬ್ಬರಿಗೂ ಗೊತ್ತಿಲ್ಲ. ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡಿ, ಒಟ್ಟಿಗೆ ಜಪಸರ ಹೇಳಿ, ಬೇರೆ ಬೇರೆ ಭಯ ಇಟ್ಟುಕೊಂಡು ಮಲಗುತ್ತಾರೆ.

ಆದ್ದರಿಂದ ಒಂದು ಸಂಜೆ ಬಾಗಿಲು ಮುಚ್ಚಿ ಒಟ್ಟಿಗೆ ಕೂರಿ. ಯಾರೂ ಯಾರನ್ನೂ ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟುಕೊಳ್ಳಿ. ತಿಳುವಳಿಕೆ ಬಂದ ಮಕ್ಕಳನ್ನೂ ಕೂರಿಸಿಕೊಳ್ಳಿ. ಆ ವಿಧವೆಗೆ ಪಾತ್ರೆ ತಂದುಕೊಟ್ಟವರು ಅವಳ ಮಕ್ಕಳೇ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಕ್ಕೂ ಐದು ವಿಷಯ ಬರೆಯಿರಿ: ಯಾರಿಗೆ, ಎಷ್ಟು ಅಸಲು ಬಾಕಿ, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಅಡವು ಏನಿದೆ. ಒಟ್ಟು ಮೊತ್ತ ನೋಡಿ ಎದೆ ನಡುಗಬಹುದು. ಆದರೂ ಅದು ಈಗ ಒಂದು ಸಂಖ್ಯೆ, ಸಂಖ್ಯೆಯನ್ನು ಕಳೆಯಬಹುದು.

3. ಬಡ್ಡಿಯ ನಿಜ ಮುಖ

ನಮ್ಮ ಕಡೆ ಬಡ್ಡಿಯನ್ನು ರೂಪಾಯಿಯಲ್ಲಿ ಹೇಳುವುದು ರೂಢಿ. ನೂರಕ್ಕೆ ಮೂರು ರೂಪಾಯಿ ಎಂದರೆ ಕೇಳಲು ಹಗುರ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇಕಡಾ 36. ಒಂದು ಲಕ್ಷಕ್ಕೆ ತಿಂಗಳಿಗೆ 3,000 ರೂಪಾಯಿಯಂತೆ ಮೂರು ವರ್ಷ ಬರೀ ಬಡ್ಡಿ ಕಟ್ಟಿದರೆ 1,08,000 ರೂಪಾಯಿ ಹೋಯಿತು, ಅಸಲು ಲಕ್ಷ ಹಾಗೇ ನಿಂತಿದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ಶೇಕಡಾ ಬಡ್ಡಿ ಬಿದ್ದರೆ ವರ್ಷಕ್ಕೆ 42 ಆಗುತ್ತದೆ. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದವರು ವರ್ಷಗಟ್ಟಲೆ ಅದರಲ್ಲೇ ಇರುತ್ತಾರೆ.

'ಫ್ಲಾಟ್' ಬಡ್ಡಿ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಒಂದು ಲಕ್ಷಕ್ಕೆ ಫ್ಲಾಟ್ ಶೇಕಡಾ 12ರಂತೆ ಮೂರು ವರ್ಷಕ್ಕೆ 36,000 ಬಡ್ಡಿ ಸೇರಿಸಿ, 36 ಕಂತು ಮಾಡಿದರೆ ತಿಂಗಳಿಗೆ ಸುಮಾರು 3,778 ರೂಪಾಯಿ. ಆದರೆ ನೀವು ಅಸಲನ್ನು ತಿಂಗಳು ತಿಂಗಳು ಹಿಂತಿರುಗಿಸುತ್ತಿದ್ದೀರಿ, ಬಡ್ಡಿ ಮಾತ್ರ ಇಡೀ ಲಕ್ಷದ ಮೇಲೆ ಬೀಳುತ್ತಿದೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇಕಡಾ 21. ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಬಡ್ಡಿ ಇಡೀ ಮೊತ್ತದ ಮೇಲೋ, ಉಳಿದ ಬಾಕಿಯ ಮೇಲೋ?

4. ಯಾವುದನ್ನು ಮೊದಲು ತೀರಿಸಬೇಕು?

ಎಲ್ಲಕ್ಕಿಂತ ಮೊದಲು ಕೂಲಿಯವರ ಬಾಕಿ, ನಿಮಗಿಂತ ಬಡವರಿಂದ ಪಡೆದ ಕೈಗಡ. ದಿನಗೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂಬುದು ಧರ್ಮೋಪದೇಶಕಾಂಡದ (24:15) ಆಜ್ಞೆ. ಅನಂತರ ಅತಿ ಹೆಚ್ಚು ಬಡ್ಡಿಯ ಸಾಲ. ಉಳಿದ ಸಾಲಗಳ ಕಂತು ತಪ್ಪದಂತೆ ನೋಡಿಕೊಂಡು, ಮಿಕ್ಕ ಪ್ರತಿ ರೂಪಾಯಿಯನ್ನೂ ಆ ಒಂದು ಸಾಲದ ಅಸಲಿಗೆ ಹಾಕಿ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ನೂರಕ್ಕೆ ಮೂರರಂತೆ ಒಂದು ಲಕ್ಷ ಕೈಸಾಲ. ಒಡವೆಯ ಮೇಲೆ ವರ್ಷಕ್ಕೆ ಶೇಕಡಾ 12ರಂತೆ 80,000. ತಿಂಗಳಿಗೆ 3,800 ರೂಪಾಯಿ ಬರೀ ಬಡ್ಡಿ. ಅಷ್ಟನ್ನೇ ಕಟ್ಟುತ್ತಾ ಹೋದರೆ 30 ತಿಂಗಳಲ್ಲಿ 1,14,000 ಕೊಟ್ಟಿರುತ್ತಾರೆ, ಸಾಲ 1,80,000 ಅಲ್ಲೇ ಇರುತ್ತದೆ. ಅದೇ ಕುಟುಂಬ ಖರ್ಚು ಬಿಗಿಹಿಡಿದು, ಒಬ್ಬರು ಸ್ವಲ್ಪ ಹೆಚ್ಚು ದುಡಿದು, ತಿಂಗಳಿಗೆ 8,000 ಎತ್ತಿಟ್ಟರೆ? ಒಡವೆಯ ಬಡ್ಡಿಗೆ 800, ಉಳಿದ 7,200 ಕೈಸಾಲಕ್ಕೆ. ಹತ್ತೊಂಬತ್ತನೆಯ ತಿಂಗಳಲ್ಲಿ ಕೈಸಾಲ ಮುಗಿಯುತ್ತದೆ. ಬಳಿಕ ಪೂರ್ತಿ 8,000 ಒಡವೆಯ ಸಾಲಕ್ಕೆ. ಎರಡೂವರೆ ವರ್ಷದೊಳಗೆ ಒಡವೆಯೂ ಮನೆಗೆ ಬರುತ್ತದೆ, ಸಾಲವೂ ಇರುವುದಿಲ್ಲ.

ಹೊಸ ಸಾಲ ಮಾಡಲು ಒಂದೇ ಒಂದು ಒಳ್ಳೆಯ ಕಾರಣವಿದೆ: ಹೆಚ್ಚು ಬಡ್ಡಿಯದನ್ನು ಕಡಿಮೆ ಬಡ್ಡಿಯದರಿಂದ ಪೂರ್ತಿ ತೀರಿಸುವುದು. ಮೇಲಿನ ಕೈಸಾಲವನ್ನು ಸಹಕಾರಿ ಸಂಘದ ಶೇಕಡಾ 12ರ ಸಾಲದಿಂದ ತೀರಿಸಿದರೆ ಆ ಕುಟುಂಬ 26 ತಿಂಗಳಲ್ಲೇ ಮುಕ್ತವಾಗುತ್ತದೆ. ಮಾರಬಹುದಾದದ್ದು ಇದ್ದರೆ ಮಾರಿ. ಎಣ್ಣೆಯನ್ನು ಕುಡಿಕೆಯಲ್ಲೇ ಇಟ್ಟುಕೊಂಡಿದ್ದರೆ ಆ ವಿಧವೆಯ ಸಾಲ ತೀರುತ್ತಿರಲಿಲ್ಲ. ಕೊಟ್ಟ ಪ್ರತಿ ಹಣಕ್ಕೂ ರಸೀದಿ ಕೇಳಿ. ಸಾಲ ಮುಗಿದ ದಿನ ಖಾಲಿ ಚೆಕ್ಕು, ಪ್ರಾಮಿಸರಿ ನೋಟು, ಪತ್ರಗಳನ್ನು ಹಿಂದಕ್ಕೆ ಪಡೆಯಿರಿ.

5. ಹರಕೆ, ಹಬ್ಬ, ಮದುವೆ

ಸಾಲದಲ್ಲಿದ್ದೂ ಸಾಲ ಮಾಡಿ ವೇಲಾಂಕಣಿಗೆ ಹೋಗುವವರಿದ್ದಾರೆ. ಹರಕೆ ಬಾಕಿ ಉಳಿದರೆ ಮಾತೆ ಮುನಿದಾಳೆಂಬ ಭಯ. ಮಾತೆ ಮರಿಯಮ್ಮನವರು ಬಡ್ಡಿ ವಸೂಲಿ ಮಾಡುವವರಲ್ಲ. ಖಾಸಗಿ ಹರಕೆಯಿಂದ ನ್ಯಾಯವಾದ ಕಾರಣಕ್ಕೆ ಬಿಡುಗಡೆ ಕೊಡುವ ಅಧಿಕಾರವನ್ನು 1983ರ ಧರ್ಮಸಭೆಯ ಕಾನೂನು ಸಂಹಿತೆ (ನಿಯಮ 1196) ಧರ್ಮಕೇಂದ್ರದ ಗುರುವಿಗೇ ಕೊಟ್ಟಿದೆ. ನಿಮ್ಮ ಗುರುಗಳನ್ನು ಕಂಡು ಮಾತಾಡಿ.

ವಿವಾಹ ಸಂಸ್ಕಾರಕ್ಕೆ ಧರ್ಮಸಭೆ ಕೇಳುವುದು ವಧೂವರರ ಒಪ್ಪಿಗೆ, ಅಧಿಕಾರವುಳ್ಳ ಗುರು, ಇಬ್ಬರು ಸಾಕ್ಷಿಗಳು. ಕಲ್ಯಾಣ ಮಂಟಪವನ್ನಾಗಲಿ ಬ್ಯಾಂಡನ್ನಾಗಲಿ ಅದು ಕೇಳಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮೊದಲ ಪರಮಪ್ರಸಾದದ ಊಟಕ್ಕೂ ಅನ್ವಯಿಸುತ್ತದೆ. ಧರ್ಮಕೇಂದ್ರದ ವಂತಿಗೆಯೂ ಕಷ್ಟವಾದರೆ ಹಾಗೆಂದು ಹೇಳಿ. ಬಡ ವಿಧವೆಯ ಎರಡು ಕಾಸನ್ನು ಮೆಚ್ಚಿದ ಪ್ರಭು ನಿಮ್ಮ ಪಟ್ಟಿಯನ್ನು ಬಲ್ಲರು.

6. ನೆರೆಯವರ ಬರಿ ಪಾತ್ರೆಗಳು

ನೆರೆಯವರು ಆ ವಿಧವೆಗೆ ಕೊಟ್ಟದ್ದು ಬರಿದಾದ ಪಾತ್ರೆಗಳನ್ನು. ಅದೂ ಬೇಕಾಗಿತ್ತು. ಧರ್ಮಸಭೆ ಈ ಕೆಲಸವನ್ನು ಹಿಂದೆಯೂ ಮಾಡಿದೆ. ಇಟಲಿಯ ಪೆರುಜಿಯಾ ನಗರದಲ್ಲಿ 1462ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ ಬಡವರಿಗೆ ಅಗ್ಗದ ಅಡವು ಸಾಲ ಕೊಡುವ ನಿಧಿ ಆರಂಭವಾಯಿತು. 1515ರಲ್ಲಿ ಲ್ಯಾಟರನ್ ಮಹಾಸಭೆ ಅಂಥ ನಿಧಿಗಳನ್ನು ಒಪ್ಪಿತು. ನಮ್ಮ ಕರಾವಳಿಯಲ್ಲಿ 1912ರಲ್ಲಿ ಮಂಗಳೂರು ಕಥೋಲಿಕ ಸಹಕಾರಿ ಬ್ಯಾಂಕು ಹುಟ್ಟಿತು. ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇಂದು ಎಷ್ಟೋ ಧರ್ಮಕೇಂದ್ರಗಳಲ್ಲಿದೆ. ಅಕ್ಕಿ, ಶಾಲೆಯ ಫೀಸು, ಔಷಧಿಗೆ ಅವರ ನೆರವು ಸಿಕ್ಕರೆ ನಿಮ್ಮ ಕೈಯ ಹಣ ಅಸಲಿಗೆ ಹೋಗುತ್ತದೆ. ಕೇಳಲು ನಾಚಬೇಡಿ.

ಕಾನೂನೂ ನಿಮ್ಮ ಜೊತೆಗಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಕೊಡುವಾಗ ಆ ಮನೆಯ ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದು. ಬ್ಯಾಂಕು, ಹಣಕಾಸು ಸಂಸ್ಥೆಗಳ ವಸೂಲಿಗಾರರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು. ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದರಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಬೆದರಿಕೆ ಬಂದರೆ ಒಬ್ಬರೇ ಸಹಿಸಬೇಡಿ. ಪೊಲೀಸ್ ಠಾಣೆಗೆ ಹೋಗುವಾಗ ಧರ್ಮಕೇಂದ್ರದ ಒಬ್ಬರನ್ನು ಕರೆದುಕೊಂಡು ಹೋಗಿ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸಾಲಕ್ಕೆ ಅಂಜಿ ಜೀವ ಕಳೆದುಕೊಂಡವರ ಮನೆಗಳಿಗೆ ನಾವು ಗುರುಗಳು ಹೋಗಿದ್ದೇವೆ. ಅವರು ಸತ್ತದ್ದರಿಂದ ಅವರ ಮನೆಯವರ ಕಷ್ಟ ಒಂದಿಷ್ಟೂ ಇಳಿಯಲಿಲ್ಲ, ದುಃಖ ಮಾತ್ರ ಉಳಿಯಿತು. ನಿಮ್ಮ ಮನಸ್ಸಿಗೆ ಅಂಥ ಯೋಚನೆ ಬಂದರೆ ಇಂದೇ, ಈಗಲೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ. ಗುರುಗಳ ಮನೆಯ ಬಾಗಿಲನ್ನೂ ತಟ್ಟಿ. ನಿಮ್ಮ ಸಾಲಕ್ಕೆ ಬೆಲೆ ಇದೆ. ನಿಮ್ಮ ಪ್ರಾಣಕ್ಕೆ ಪ್ರಭು ತಮ್ಮ ರಕ್ತವನ್ನೇ ಕೊಟ್ಟಿದ್ದಾರೆ.

7. ಉಳಿದದ್ದರಲ್ಲಿ ಬದುಕು

ಸಾಲ ತೀರಿದ ಮೇಲೂ ಕೆಲಸವಿದೆ. ಕಂತಿಗೆ ಹೋಗುತ್ತಿದ್ದ ಹಣದಲ್ಲಿ ಅರ್ಧವನ್ನಾದರೂ ಆಪತ್ಕಾಲಕ್ಕೆ ಎತ್ತಿಡಿ. ಮುಂದಿನ ಜ್ವರ ಮುಂದಿನ ಸಾಲವಾಗದಿರಲಿ. ಐವತ್ತು ವರ್ಷಕ್ಕೊಮ್ಮೆ ಅಡವಿಟ್ಟ ನೆಲವೂ ಜೀತಕ್ಕೆ ಬಿದ್ದವರೂ ಮನೆಗೆ ಮರಳಬೇಕೆಂದು ಯಾಜಕಕಾಂಡದ 25ನೇ ಅಧ್ಯಾಯ ಜೂಬಿಲಿಯನ್ನು ವಿಧಿಸಿತು. 2025ರ ಜೂಬಿಲಿಯನ್ನು ಘೋಷಿಸಿದ ಪತ್ರದಲ್ಲಿ ವಿಶ್ವಗುರು ಫ್ರಾನ್ಸಿಸರು, ತೀರಿಸಲಾರದ ಬಡ ದೇಶಗಳ ಸಾಲವನ್ನು ಮನ್ನಾ ಮಾಡಬೇಕೆಂದು ಶ್ರೀಮಂತ ದೇಶಗಳನ್ನು ಬೇಡಿಕೊಂಡರು. ನಿಮಗೆ ಯಾರಾದರೂ ಬಡವರು ಕೊಡಬೇಕಾಗಿದ್ದರೆ ಬಡ್ಡಿಯನ್ನಾದರೂ ಬಿಟ್ಟುಬಿಡಿ. ದೊಡ್ಡ ಸಾಲ ಮನ್ನಾ ಆದ ಮೇಲೂ ಜೊತೆಗಾರನ ಕುತ್ತಿಗೆ ಹಿಡಿದವನ ಕಥೆಯನ್ನು (ಮತ್ತಾಯ 18:23-35) ಪ್ರಭು ಯೇಸು ಹೇಳಿದ್ದು ನಮಗಾಗಿಯೇ.

ಕುಟುಂಬದ ಚಿಂತನೆಗೆ

1. ನಮ್ಮ ಮನೆಯಲ್ಲಿ ಇನ್ನೂ ಬಾಯಿಬಿಟ್ಟು ಹೇಳದ ಸಾಲ ಇದೆಯೇ? ಹೇಳಲು ತಡೆಯುತ್ತಿರುವುದು ಯಾವುದು?
2. ನಮ್ಮ ಸಾಲಗಳಲ್ಲಿ ಅತಿ ಹೆಚ್ಚು ಬಡ್ಡಿ ಯಾವುದಕ್ಕೆ? ಅದರ ವಾರ್ಷಿಕ ಬಡ್ಡಿ ಎಷ್ಟು?
3. ನಮ್ಮ ಮನೆಯ 'ಎಣ್ಣೆ' ಏನು? ಮಾರಬಹುದಾದ ವಸ್ತು, ಬಳಸದ ಕೌಶಲ, ಕೇಳದೆ ಉಳಿದ ನೆರವು?
4. ನಮಗೆ ಕೊಡಬೇಕಾದ ಬಡವರೊಬ್ಬರಿಗೆ ನಾವು ಏನು ಮಾಡಬಲ್ಲೆವು?

ಈ ವಾರ ಒಂದೇ ಕೆಲಸ ಮಾಡಿ: ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನೋಟ್‌ಬುಕ್ಕು ತೆರೆದು ಸಾಲಗಳ ಪಟ್ಟಿ ಬರೆಯಿರಿ. ತೀರಿಸುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.