ಕಡಲಿಲ್ಲದ ನಾಡಿನ ದಾರಿ

ಕಡಲತೀರವು ನಾಡಿಗೆ ನಿಸರ್ಗವು ಇಟ್ಟುಕೊಟ್ಟ ಹೆಬ್ಬಾಗಿಲು. ಆ ಬಾಗಿಲಿಲ್ಲದ ದೇಶವು ತನ್ನ ಸರಕನ್ನು ಮಾರಬೇಕಾದರೂ, ಪರದೇಶದ ವಸ್ತುವನ್ನು ಕೊಳ್ಳಬೇಕಾದರೂ ನೆರೆಯವರ ಅಂಗಳವನ್ನು ಹಾದೇ ಹೋಗಬೇಕು. ಆಫ್ರಿಕ ಖಂಡದ ಜಾಂಬಿಯ ಇಂತಹ ದೇಶಗಳಲ್ಲೊಂದು. ಎಂಟು ದೇಶಗಳ ನಡುವೆ ನೆಲೆಸಿರುವ ಈ ನಾಡಿನ ಮುಖ್ಯ ಸಂಪತ್ತು ತಾಮ್ರ. ಆದರೆ ಗಣಿಯಿಂದ ತೆಗೆದ ತಾಮ್ರವು ಬಂದರನ್ನು ಸೇರುವವರೆಗೆ ಬರಿಯ ಲೋಹವೇ ಹೊರತು ಹಣವಲ್ಲ.

1964ರಲ್ಲಿ ಜಾಂಬಿಯ ಸ್ವತಂತ್ರವಾಯಿತು. ಆಗ ಅದರ ತಾಮ್ರವು ಬಹುಮಟ್ಟಿಗೆ ದಕ್ಷಿಣದ ರೊಡೇಷಿಯದ, ಎಂದರೆ ಇಂದಿನ ಜಿಂಬಾಬ್ವೆಯ, ರೈಲುಮಾರ್ಗದಲ್ಲಿಯೇ ಸಾಗುತ್ತಿತ್ತು. ಮರುವರ್ಷವೇ ರೊಡೇಷಿಯದ ಅಲ್ಪಸಂಖ್ಯಾತ ಬಿಳಿಯರು ಬಹುಜನರ ಹಕ್ಕನ್ನು ಅಲ್ಲಗಳೆದು, ತಾವೇ ಸ್ವತಂತ್ರರೆಂದು ಘೋಷಿಸಿಕೊಂಡರು. ಅನ್ಯಾಯಕ್ಕೆ ತಲೆಬಾಗಿ ಹಳೆಯ ದಾರಿಯನ್ನೇ ನೆಚ್ಚಿಕೊಳ್ಳುವುದೋ, ಕಷ್ಟವನ್ನು ಸಹಿಸಿ ಹೊಸ ದಾರಿಯನ್ನು ಹುಡುಕುವುದೋ? ಅಧ್ಯಕ್ಷ ಕೆನೆತ್ ಕೌಂಡರು ಎರಡನೆಯದನ್ನು ಆರಿಸಿಕೊಂಡರು.

ಅದರ ಬೆಲೆ ಅಲ್ಪವಾಗಿರಲಿಲ್ಲ. ದಕ್ಷಿಣದಿಂದ ಬರುತ್ತಿದ್ದ ಪೆಟ್ರೋಲು ನಿಂತುಹೋಯಿತು. ಪೀಪಾಯಿಗಳನ್ನು ವಿಮಾನಗಳಲ್ಲಿಯೂ, ತಾಂಜಾನಿಯದ ಮಣ್ಣುರಸ್ತೆಯ ಮೇಲೆ ಲಾರಿಗಳಲ್ಲಿಯೂ ತರಬೇಕಾಯಿತು. ಮಳೆ ಬಿದ್ದರೆ ಚಕ್ರಗಳು ಕೆಸರಿನಲ್ಲಿ ಹೂಳುತ್ತಿದ್ದವು. ಅಪಘಾತಗಳು ಮೇಲಿಂದ ಮೇಲೆ ನಡೆಯುತ್ತಿದ್ದವು. ಆ ಪಯಣಕ್ಕೆ ‘ನರಕದ ಓಟ’ ಎಂಬ ಹೆಸರೇ ಬಿದ್ದಿತು. 1968ರಲ್ಲಿ ದಾರ್ ಎಸ್ ಸಲಾಂ ಬಂದರಿನಿಂದ ಸುಮಾರು 1,700 ಕಿಲೋಮೀಟರು ಉದ್ದದ ಎಣ್ಣೆಯ ಕೊಳವೆಮಾರ್ಗವು ಸಿದ್ಧವಾಯಿತು. ಬಳಿಕ ಚೀನದ ಬಡ್ಡಿಯಿಲ್ಲದ ಸಾಲದ ನೆರವಿನಿಂದ 1970 ಮತ್ತು 1975ರ ನಡುವೆ ಅದೇ ಬಂದರಿಗೆ 1,860 ಕಿಲೋಮೀಟರುಗಳ ರೈಲುಮಾರ್ಗವನ್ನು ಹಾಕಲಾಯಿತು. ಮೂರು ದೇಶಗಳ ಶ್ರಮಿಕರು ಕಾಡುಮೇಡುಗಳನ್ನು ಕಡಿದು, ಮುನ್ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು.

ಆದರೆ ದಾರಿಯನ್ನು ನಿರ್ಮಿಸುವುದು ಒಂದು ಸಾಹಸ. ಅದನ್ನು ಕಾಪಾಡಿಕೊಳ್ಳುವುದು ಇನ್ನೊಂದು. ದುರಸ್ತಿಗೆ ಹಣ ಸಾಲದೆ, ಎಂಜಿನುಗಳು ಕೆಟ್ಟು ನಿಂತವು. ವರ್ಷಕ್ಕೆ 20 ಲಕ್ಷ ಟನ್ ಸರಕನ್ನು ಸಾಗಿಸಲೆಂದು ಕಟ್ಟಿದ ಮಾರ್ಗದಲ್ಲಿ 2014-15ರಲ್ಲಿ ಒಂದು ಲಕ್ಷ ಟನ್ನೂ ಸಾಗಲಿಲ್ಲ. ಸರಕು ಮರಳಿ ಲಾರಿಗಳನ್ನೇರಿತು.

ಒಳ್ಳೆಯ ರಸ್ತೆಯಿದ್ದರೂ ಗಡಿಯಲ್ಲಿ ತಡೆಯಿದ್ದರೆ ಫಲವಿಲ್ಲ. ಚಿರುಂಡುವಿನಲ್ಲಿ ಜಾಂಬೇಸಿ ನದಿಯ ಒಂದು ದಡದ ಮೇಲೆ ಜಿಂಬಾಬ್ವೆಯ ಸುಂಕದ ಕಟ್ಟೆ, ಎದುರು ದಡದ ಮೇಲೆ ಜಾಂಬಿಯದ ಕಟ್ಟೆ. ಒಂದೇ ಲಾರಿಗೆ ಎರಡು ಬಾರಿ ತಪಾಸಣೆ; ಚಾಲಕರು ದಿನಗಟ್ಟಲೆ ಕಾಯಬೇಕಾಗಿತ್ತು. 2009ರಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಟ್ಟೆಯಲ್ಲಿ ಕುಳಿತು ಕಾಗದಪತ್ರಗಳನ್ನು ನೋಡುವ ಏರ್ಪಾಡಾಯಿತು. ಕಾಯುವ ಕಾಲ ಬಹಳ ತಗ್ಗಿತು. ಅದೇ ನದಿಯ ಕಜುಂಗುಲದಲ್ಲಿ ಲಾರಿಗಳು ದೋಣಿಕಟ್ಟೆಯ ಬಳಿ ಸಾಲುಗಟ್ಟುತ್ತಿದ್ದವು. ಅಲ್ಲಿ 2021ರಲ್ಲಿ ಬೋಟ್ಸ್ವಾನ ಮತ್ತು ಜಾಂಬಿಯಗಳು ಕೂಡಿ ಕಟ್ಟಿದ 923 ಮೀಟರು ಉದ್ದದ ಸೇತುವೆಯು ಸಂಚಾರಕ್ಕೆ ತೆರೆಯಿತು.

ಕಡಲಿಲ್ಲದ ನಾಡಿಗೆ ಕಡಲನ್ನು ತಂದುಕೊಡಲು ಯಾರಿಂದಲೂ ಆಗದು. ಆದರೆ ಕಡಲಿನ ದೂರವನ್ನು ಕಡಮೆ ಮಾಡಬಹುದು. ಅದಕ್ಕೆ ಕಬ್ಬಿಣದ ಹಳಿಗಳಷ್ಟೇ ಸಾಲವು; ಹಳಿಗಳನ್ನು ಕಾಯುವ ಎಚ್ಚರವೂ, ಅಂಗಳದ ಬಾಗಿಲನ್ನು ತೆರೆದಿಡುವ ನೆರೆಯವರ ವಿಶ್ವಾಸವೂ ಬೇಕು.

ಅಭ್ಯಾಸ

1. ಗಣಿಯ ತಾಮ್ರವು ‘ಬರಿಯ ಲೋಹ’ವಾಗಿ ಉಳಿಯುವುದು ಯಾವಾಗ?
2. ಕೌಂಡರು ಹೊಸ ದಾರಿಯನ್ನು ಆರಿಸಿಕೊಂಡುದರಿಂದ ಜಾಂಬಿಯ ತೆತ್ತ ಬೆಲೆಯೇನು?
3. ಚಿರುಂಡುವಿನ ಏರ್ಪಾಡಿನಿಂದ ಆದ ಪ್ರಯೋಜನವನ್ನು ವಿವರಿಸಿರಿ.