ಪಿಇ ಎಂಟು ಅಂದರೆ ಅಗ್ಗವೇ? ಹತ್ತು ವರ್ಷದ ಲಾಭ ಇಟ್ಟುಕೊಂಡು ಒಂದು ಲೆಕ್ಕ

2024ರ ಜುಲೈ 22, ಸೋಮವಾರ. ರಯಾನ್‌ಏರ್ ತನ್ನ ಮೊದಲ ತ್ರೈಮಾಸಿಕದ ಫಲಿತಾಂಶ ಕೊಟ್ಟ ದಿನ. ಟಿಕೆಟ್ ದರ ಸರಾಸರಿ 15% ಇಳಿದಿತ್ತು. ಲಾಭ ಹಿಂದಿನ ವರ್ಷದ ಅದೇ ಅವಧಿಗಿಂತ 46% ಕಡಿಮೆಯಾಗಿ 36 ಕೋಟಿ ಯೂರೋಗೆ ಬಂದಿತ್ತು. ಷೇರು ಒಂದೇ ದಿನದಲ್ಲಿ ಆರರಲ್ಲಿ ಒಂದು ಪಾಲು ಕಳೆದುಕೊಂಡು 14 ಯೂರೋ ಆಸುಪಾಸಿಗೆ ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಸಾಗರದ ಕಡೆಯ ಗೆಳೆಯನ ಫೋನು ಬಂತು.

"ಪಿಇ ಬರೀ ಎಂಟು ಮಾರಾಯ. ಇಷ್ಟು ಅಗ್ಗಕ್ಕೆ ಮತ್ತೆ ಸಿಗುತ್ತಾ? ಮನೆಗೆ ಅಂತ ಇಟ್ಟಿದ್ದರಲ್ಲಿ ಇಪ್ಪತ್ತು ಸಾವಿರ ಹಾಕಿಬಿಡ್ಲಾ?"

ಆ ಇಪ್ಪತ್ತು ಸಾವಿರ ಯೂರೋ ಅವನೂ ಅವನ ಹೆಂಡತಿಯೂ ಐದು ವರ್ಷದಿಂದ ಕೂಡಿಟ್ಟ ಡೆಪಾಸಿಟ್ಟಿನ ಅರ್ಧ. ಇಲ್ಲಿ ಮೊದಲ ಮನೆ ಕೊಳ್ಳುವವರು ಬೆಲೆಯ ಕನಿಷ್ಠ 10% ಕೈಯಿಂದ ಹಾಕಬೇಕು ಎನ್ನುವುದು ನಿಮಗೆಲ್ಲ ಗೊತ್ತಿರುವ ನಿಯಮ. ಬಾಯಿಗೆ ಬಂದ ಉತ್ತರ ಹೇಳುವ ಹಾಗಿರಲಿಲ್ಲ. "ಸಂಜೆವರೆಗೆ ತಡಿ" ಅಂದೆ. ಅಂದು ಸಂಜೆ ಕೂತು ಮಾಡಿದ ಲೆಕ್ಕವನ್ನೇ ಈ ಲೇಖನದಲ್ಲಿ ಬಿಡಿಸಿಡುತ್ತಿದ್ದೇನೆ.

ಬಿಡಿ ಷೇರು ಯಾಕೆ, ಇಟಿಎಫ್ ಸಾಕಲ್ಲವೇ ಎಂದು ಬೆಂಗಳೂರಿನವರು ಕೇಳುತ್ತಾರೆ. ಐರ್ಲೆಂಡಿನಲ್ಲಿ ಇಟಿಎಫ್ ಲಾಭಕ್ಕೆ ಆಗ 41% ತೆರಿಗೆ ಇತ್ತು, 2026ರ ಜನವರಿಯಿಂದ 38%. ನೀವು ಮಾರದಿದ್ದರೂ ಎಂಟು ವರ್ಷಕ್ಕೊಮ್ಮೆ ಮಾರಿದಿರಿ ಎಂದೇ ಭಾವಿಸಿ ತೆರಿಗೆ ಕೇಳುತ್ತಾರೆ. ಬಿಡಿ ಷೇರಿಗೆ 33%, ಅದೂ ಮಾರಿದಾಗ ಮಾತ್ರ, ವರ್ಷಕ್ಕೆ 1,270 ಯೂರೋ ವಿನಾಯಿತಿ ಬೇರೆ. ಹಾಗಾಗಿ ಇಲ್ಲಿರುವ ನಮ್ಮಲ್ಲಿ ಅನೇಕರು ಬೇಕೋ ಬೇಡವೋ ಬಿಡಿ ಷೇರುಗಳ ಕಡೆ ಹೋಗುತ್ತೇವೆ. ಹೋದ ಮೇಲೆ ಬೆಲೆ ಕಟ್ಟಲು ಕಲಿಯಲೇಬೇಕು.

ಪಿಇ ಎಂದರೆ ಬೆಲೆಯನ್ನು ಲಾಭದಿಂದ ಭಾಗಿಸಿದ್ದು. ಸಾಮಾನ್ಯವಾಗಿ ಆ ಲಾಭ ಕಳೆದ ಒಂದೇ ಒಂದು ವರ್ಷದ್ದು. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ರಯಾನ್‌ಏರ್ ಲಾಭ 192 ಕೋಟಿ ಯೂರೋ. ಷೇರಿಗೆ 14 ಯೂರೋದಂತೆ ಇಡೀ ಕಂಪನಿಯ ಬೆಲೆ ಸುಮಾರು 1,600 ಕೋಟಿ. ಭಾಗಿಸಿದರೆ ಎಂಟು ಚಿಲ್ಲರೆ. ಗೆಳೆಯ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ 192 ಕೋಟಿ ಅಲ್ಲಿಯವರೆಗಿನ ಕಂಪನಿಯ ಇತಿಹಾಸದಲ್ಲೇ ಅತಿ ದೊಡ್ಡ ಲಾಭ.

ನಮ್ಮ ಮಲೆನಾಡಿನಲ್ಲಿ ಯಾರೂ ಹೀಗೆ ತೋಟ ಕೊಳ್ಳುವುದಿಲ್ಲ. 2014ರಲ್ಲಿ ಕೆಂಪಡಿಕೆ ದರ ಹುಚ್ಚೆದ್ದು ಏರಿದಾಗ ಆ ವರ್ಷದ ಹುಟ್ಟುವಳಿ ತೋರಿಸಿ ತೋಟ ಮಾರಲು ಬಂದವರಿದ್ದರು. ಅಪ್ಪ ಕೇಳುತ್ತಿದ್ದ ಪ್ರಶ್ನೆ ಬೇರೆ: ಹತ್ತು ವರ್ಷದಲ್ಲಿ ಎಕರೆಗೆ ಸರಾಸರಿ ಎಷ್ಟು ಕ್ವಿಂಟಾಲ್, ಕೊಳೆ ಬಂದ ವರ್ಷ ಎಷ್ಟು ಉಳಿಯಿತು? ಮರುವರ್ಷವೇ ದರ ಬಿತ್ತು.

ಷೇರಿಗೂ ಇದೇ ಮಾತನ್ನು ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲೇ ಬರೆದಿದ್ದರು: ಒಂದು ವರ್ಷದ ಲಾಭ ನೋಡಬೇಡಿ, ಕನಿಷ್ಠ ಐದು, ಆದರೆ ಏಳು ಅಥವಾ ಹತ್ತು ವರ್ಷದ ಸರಾಸರಿ ನೋಡಿ. 1988ರಲ್ಲಿ ಜಾನ್ ಕ್ಯಾಂಬೆಲ್ ಮತ್ತು ರಾಬರ್ಟ್ ಶಿಲ್ಲರ್ ಇದಕ್ಕೆ ಹಣದುಬ್ಬರದ ಹೊಂದಾಣಿಕೆ ಸೇರಿಸಿ ಇಡೀ ಅಮೆರಿಕನ್ ಮಾರುಕಟ್ಟೆಗೆ ಅನ್ವಯಿಸಿದರು. ಅದನ್ನೇ ಈಗ ಕೇಪ್ ಅಥವಾ ಶಿಲ್ಲರ್ ಪಿಇ ಎನ್ನುತ್ತಾರೆ. ಶಿಲ್ಲರ್‌ಗೆ 2013ರಲ್ಲಿ ನೊಬೆಲ್ ಬಂತು. ಗಮನಿಸಿ, ಅವರು ಮಾಡಿದ್ದು ಇಡೀ ಮಾರುಕಟ್ಟೆಗೆ. ಒಂದೇ ಷೇರಿಗೆ ಹಾಕುವಾಗ ತೊಡಕುಗಳಿವೆ, ಅವು ಲೆಕ್ಕದ ದಾರಿಯಲ್ಲೇ ಎದುರಾಗುತ್ತವೆ.

ಕಂಪನಿಯ ವಾರ್ಷಿಕ ವರದಿಗಳಿಂದ ತೆಗೆದ ನಿವ್ವಳ ಲಾಭ ಇದು, ಕೋಟಿ ಯೂರೋಗಳಲ್ಲಿ, ಮಾರ್ಚ್‌ಗೆ ಮುಗಿಯುವ ವರ್ಷಗಳಿಗೆ: 2015ರಲ್ಲಿ 87, 2016ರಲ್ಲಿ 156, 2017ರಲ್ಲಿ 132, 2018ರಲ್ಲಿ 145, 2019ರಲ್ಲಿ 89, 2020ರಲ್ಲಿ 65, 2021ರಲ್ಲಿ 102 ನಷ್ಟ, 2022ರಲ್ಲಿ 24 ನಷ್ಟ, 2023ರಲ್ಲಿ 131, 2024ರಲ್ಲಿ 192. ಹತ್ತನ್ನೂ ಕೂಡಿ ಭಾಗಿಸಿದರೆ ವರ್ಷಕ್ಕೆ 87 ಕೋಟಿ.

ಈಗ ಹಣದುಬ್ಬರ. 2015ರ ಒಂದು ಯೂರೋ 2024ರ ಒಂದು ಯೂರೋ ಅಲ್ಲ. ಕೇಂದ್ರ ಅಂಕಿಅಂಶ ಕಚೇರಿಯ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದರೆ ಐರ್ಲೆಂಡಿನಲ್ಲಿ 2015ರಿಂದ 2020ರವರೆಗೆ ಬೆಲೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದವು. ಆಮೇಲೆ 2022ರಲ್ಲಿ 7.8%, 2023ರಲ್ಲಿ 6.3% ಏರಿದವು. ಒಟ್ಟಾರೆ 2015ರಿಂದ 2024ಕ್ಕೆ ಸುಮಾರು 21%. ಅಂದರೆ 2016ರ 156 ಕೋಟಿಯನ್ನು 1.21ರಿಂದ ಗುಣಿಸಿದರೆ 2024ರ ಲೆಕ್ಕದಲ್ಲಿ 189 ಕೋಟಿ. ದಾಖಲೆ ಎಂದು ಹೇಳಿಕೊಂಡ 192ಕ್ಕೂ ಎಂಟು ವರ್ಷ ಹಿಂದಿನ ಆ ಲಾಭಕ್ಕೂ ನಿಜವಾದ ವ್ಯತ್ಯಾಸ ಅಷ್ಟೇ. (ಯುರೋಪಿನ ತುಂಬ ಟಿಕೆಟ್ ಮಾರುವ ಕಂಪನಿಗೆ ಡಬ್ಲಿನ್‌ನ ಹಣದುಬ್ಬರ ಯಾಕೆ? ಆ ಲಾಭದಿಂದ ಹಾಲು, ಅಕ್ಕಿ ಕೊಳ್ಳಬೇಕಾದವನು ಡಬ್ಲಿನ್‌ನಲ್ಲಿರುವ ನಾನು. ಊರಿಗೆ ಮರಳುವ ಯೋಚನೆ ಇರುವವರು ಭಾರತದ ಹಣದುಬ್ಬರ ಮತ್ತು ರೂಪಾಯಿ ದರ ಹಾಕಿ ನೋಡಬಹುದು.)

ನಷ್ಟದ ವರ್ಷಗಳನ್ನೂ ಸೇರಿಸಿ ಪ್ರತಿ ವರ್ಷವನ್ನೂ ಹೀಗೆ ಹಿಗ್ಗಿಸಿದರೆ ಸರಾಸರಿ ಸುಮಾರು 100 ಕೋಟಿ ಬರುತ್ತದೆ. 1,600ನ್ನು 100ರಿಂದ ಭಾಗಿಸಿ: ಹದಿನಾರು. ಎಂಟು ಎಂದುಕೊಂಡಿದ್ದು ನೇರ ದುಪ್ಪಟ್ಟಾಯಿತು.

ಸಂಜೆ ಫೋನ್ ಮಾಡಿ ಹೇಳಿದೆ. ಗೆಳೆಯನ ತಕರಾರು ತಕ್ಷಣ ಬಂತು: "ಕೋವಿಡ್ ನೂರು ವರ್ಷಕ್ಕೊಮ್ಮೆ ಬರೋದು. ಅದನ್ನು ಯಾಕೆ ಸೇರಿಸ್ತೀಯಾ?" ಸರಿ, ಆ ಎರಡು ವರ್ಷ ತೆಗೆದೆವು. ಉಳಿದ ಎಂಟು ವರ್ಷದ ಸರಾಸರಿ 144 ಕೋಟಿ, ಅನುಪಾತ ಹನ್ನೊಂದು.

ಇಲ್ಲಿ ನನ್ನ ಅಭಿಪ್ರಾಯ ಖಚಿತ: ತೆಗೆಯಬಾರದು. ಕೋವಿಡ್ ಮತ್ತೆ ಬರಲಿಕ್ಕಿಲ್ಲ, ಆದರೆ ವಿಮಾನ ಕಂಪನಿಗೆ ಕೊಳೆರೋಗದ ವರ್ಷ ಬಂದೇ ಬರುತ್ತದೆ. ಇಂಧನ ದುಬಾರಿಯಾಗಿ, ಏರ್ ಲಿಂಗಸ್‌ನಲ್ಲಿ ಇಟ್ಟಿದ್ದ ಪಾಲಿನ ಮೌಲ್ಯವೂ ಕುಸಿದು, 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇದೇ ರಯಾನ್‌ಏರ್ 17 ಕೋಟಿ ನಷ್ಟ ತೋರಿಸಿತ್ತು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶವನ್ನೇ ಮುಚ್ಚಿತು. ಕೆಟ್ಟ ವರ್ಷವನ್ನು "ಇದು ಲೆಕ್ಕಕ್ಕಿಲ್ಲ" ಎಂದು ಕಳೆಯುವವರು ಒಳ್ಳೆಯ ವರ್ಷವನ್ನೂ ಹಾಗೆಯೇ ಪರೀಕ್ಷಿಸಬೇಕಲ್ಲ? 2016ರ 156 ಕೋಟಿಯಲ್ಲಿ ಸುಮಾರು 32 ಕೋಟಿ ಬಂದದ್ದು ಅದೇ ಏರ್ ಲಿಂಗಸ್ ಪಾಲನ್ನು ಮಾರಿದ್ದರಿಂದ. ವಿಮಾನ ಹಾರಿಸಿ ಗಳಿಸಿದ್ದಲ್ಲ, ಮತ್ತೆ ಬರುವುದೂ ಇಲ್ಲ. ಅದನ್ನು ನಾನು ತೆಗೆಯುತ್ತೇನೆ. ಆಗ ಹದಿನಾರು ಹದಿನಾರೂವರೆ ದಾಟುತ್ತದೆ.

ಗೆಳೆಯನ ಎರಡನೆಯ ತಕರಾರು ಮಾತ್ರ ಗಟ್ಟಿಯಾಗಿತ್ತು. 2015ರಲ್ಲಿ 9 ಕೋಟಿ ಪ್ರಯಾಣಿಕರನ್ನು ಸಾಗಿಸಿದ ಕಂಪನಿ 2024ರಲ್ಲಿ 18 ಕೋಟಿಗೂ ಹೆಚ್ಚು ಜನರನ್ನು ಸಾಗಿಸಿದೆ. ತೋಟ ಎರಡು ಎಕರೆಯಿಂದ ನಾಲ್ಕು ಎಕರೆ ಆಗಿರುವಾಗ ಎರಡು ಎಕರೆ ಕಾಲದ ಇಳುವರಿ ಸೇರಿಸಿ ಸರಾಸರಿ ತೆಗೆದರೆ ಮಾರುವವನಿಗೆ ಅನ್ಯಾಯ. ಶಿಲ್ಲರ್ ಲೆಕ್ಕ ಇಡೀ ಮಾರುಕಟ್ಟೆಗೆ ಸರಿಹೋಗುವುದು ಒಂದು ಬೆಳೆದರೆ ಇನ್ನೊಂದು ಸೊರಗುತ್ತದೆ ಎಂಬ ಕಾರಣಕ್ಕೆ. ಒಂದೇ ಕಂಪನಿಗೆ ಆ ರಕ್ಷಣೆ ಇಲ್ಲ.

ಇದಕ್ಕೆ ನಾನು ಮಾಡುವ ತಿದ್ದುಪಡಿ ಸರಳ. ಲಾಭದ ಸರಾಸರಿ ಬಿಟ್ಟು, ನೂರು ಯೂರೋ ವ್ಯಾಪಾರದಲ್ಲಿ ಹತ್ತು ವರ್ಷದಲ್ಲಿ ಸರಾಸರಿ ಎಷ್ಟು ಉಳಿಯಿತು ಎಂದು ನೋಡುವುದು. ರಯಾನ್‌ಏರ್‌ನ ಹತ್ತು ವರ್ಷದ ಒಟ್ಟು ವಹಿವಾಟು ಸುಮಾರು 7,280 ಕೋಟಿ, ಒಟ್ಟು ಲಾಭ 870 ಕೋಟಿ. ಕೋವಿಡ್ ಸೇರಿ ನೂರಕ್ಕೆ ಹನ್ನೆರಡು. 2024ರ ವಹಿವಾಟು 1,344 ಕೋಟಿ. ಅದರ 12% ಎಂದರೆ 161 ಕೋಟಿ. ಲಾಭವನ್ನೂ ವಹಿವಾಟನ್ನೂ ಅದೇ ವರ್ಷದ ಯೂರೋದಲ್ಲಿ ಭಾಗಿಸುವುದರಿಂದ ಹಣದುಬ್ಬರವೂ ಬಹುಪಾಲು ತಾನೇ ಸರಿಹೋಗುತ್ತದೆ. 1,600ನ್ನು 161ರಿಂದ ಭಾಗಿಸಿದರೆ ಹತ್ತು.

ಹೀಗೆ ಒಂದೇ ಷೇರು, ಒಂದೇ ದಿನ: ಎಂಟು, ಹದಿನಾರು, ಹನ್ನೊಂದು, ಹತ್ತು. ಹದಿನಾರು ನಿಜ ಎಂದರೆ ಈ ಕಂಪನಿ ಮತ್ತೆ ಹಳೆಯ ಗಾತ್ರಕ್ಕೆ ಕುಗ್ಗುತ್ತದೆ ಎಂದು ನಂಬಿದಂತೆ. ಎಂಟು ನಿಜ ಎಂದರೆ ಅತ್ಯುತ್ತಮ ವರ್ಷ ಪ್ರತಿವರ್ಷ ಬರುತ್ತದೆ ಎಂದು ನಂಬಿದಂತೆ. ನನಗೆ ಹತ್ತು ಹೆಚ್ಚು ಪ್ರಾಮಾಣಿಕವಾಗಿ ಕಂಡಿತು. ಕೆಟ್ಟ ಬೆಲೆ ಅಲ್ಲ, ಆದರೆ ಬಿಟ್ಟಿಯೂ ಅಲ್ಲ.

ಇನ್ನೊಂದು ಎಚ್ಚರಿಕೆ ಇದೇ ಊರಿನದು. 2007ರ ಫೆಬ್ರವರಿಯಲ್ಲಿ ಐರಿಷ್ ಷೇರು ಸೂಚ್ಯಂಕ 10,000ದ ಹತ್ತಿರ ಇತ್ತು. 2009ರ ಮಾರ್ಚ್‌ನಲ್ಲಿ 2,000ಕ್ಕಿಂತ ಕೆಳಗೆ. ಆಂಗ್ಲೋ ಐರಿಷ್ ಬ್ಯಾಂಕಿನ 2007ರ ತೆರಿಗೆಪೂರ್ವ ಲಾಭ 120 ಕೋಟಿ ದಾಟಿತ್ತು. 2008ರ ಆರಂಭದಲ್ಲಿ ಷೇರು ಬಿದ್ದಾಗ ಪಿಇ ಒಂದಂಕಿಗೆ ಇಳಿಯಿತು, ಅಗ್ಗ ಎಂದು ಕೊಂಡವರು ಬಹಳ. 2009ರ ಜನವರಿಯಲ್ಲಿ ಸರ್ಕಾರ ಬ್ಯಾಂಕನ್ನು ರಾಷ್ಟ್ರೀಕರಿಸಿತು, ಷೇರುದಾರರ ಕೈಗೆ ಏನೂ ಉಳಿಯಲಿಲ್ಲ. 2010 ಒಂದೇ ವರ್ಷದಲ್ಲಿ ಅದು ತೋರಿಸಿದ ನಷ್ಟ 1,770 ಕೋಟಿ. ಹತ್ತು ವರ್ಷದ ಸರಾಸರಿ ಅವರನ್ನು ಉಳಿಸುತ್ತಿತ್ತೇ? ಅರ್ಧ ಮಾತ್ರ. ಅನುಪಾತ ಒಂದಂಕಿಯಲ್ಲಿ ಇರುತ್ತಿರಲಿಲ್ಲ, ಕೈ ಸ್ವಲ್ಪ ತಡೆಯುತ್ತಿತ್ತು. ಆದರೆ ಆ ಹತ್ತೂ ವರ್ಷ ಒಂದೇ ಏರಿಕೆಯ ವರ್ಷಗಳು, ಕೊಳೆ ಬಂದ ವರ್ಷ ಒಂದೂ ಅದರಲ್ಲಿರಲಿಲ್ಲ. ಲಾಭ ಎಂದು ಬರೆದದ್ದೇ ಮರಳಿ ಬಾರದ ಸಾಲದ ಮೇಲಿನ ಬಡ್ಡಿ. ಅದಕ್ಕೇ ಬ್ಯಾಂಕುಗಳಿಗೆ ನಾನು ಈ ಲೆಕ್ಕ ಹಾಕುವುದೇ ಇಲ್ಲ. ಹತ್ತು ವರ್ಷದ ಹಿಂದೆ ಪುಟ್ಟದಾಗಿದ್ದ ಟೆಕ್ ಕಂಪನಿಗಳಿಗೂ, ಅಂದರೆ ನಮ್ಮಲ್ಲಿ ಹಲವರ ಆರ್‌ಎಸ್‌ಯು ಇರುವ ಕಡೆಗೂ, ಇದು ಕೆಲಸಕ್ಕೆ ಬಾರದು.

ಯಾವಾಗ ಕೊಳ್ಳಬೇಕು ಎಂದೂ ಇದು ಹೇಳುವುದಿಲ್ಲ. ಅಮೆರಿಕದ ಕೇಪ್ 1996ರ ಕೊನೆಗೇ 28ರ ಹತ್ತಿರ ಇತ್ತು. ಮಾರುಕಟ್ಟೆ ಇಳಿಯಲು ಶುರುವಾದದ್ದು 2000ದಲ್ಲಿ, ಅನುಪಾತ 44 ಮುಟ್ಟಿದ ಮೇಲೆ.

ಗೆಳೆಯನಿಗೆ ನಾನು ಹೇಳಿದ್ದು: ಷೇರು ಹತ್ತು ಪಟ್ಟಿಗೆ ಸಿಗುತ್ತಿದೆ, ಏಳೆಂಟು ವರ್ಷ ಇಡುವ ಹಣವಾದರೆ ನನ್ನ ಆಕ್ಷೇಪವಿಲ್ಲ, ಎರಡು ವರ್ಷದಲ್ಲಿ ಮನೆಗೆ ಬೇಕಾದ ಹಣವಾದರೆ ಬೇಡ. ಅವನು ಹಾಕಲಿಲ್ಲ. ನಾನು ನನ್ನ ಹಣದಲ್ಲಿ ನೂರು ಷೇರು ಕೊಂಡೆ, 1% ಸ್ಟಾಂಪ್ ಡ್ಯೂಟಿ ಸೇರಿ ಸಾವಿರದ ನಾನೂರು ಚಿಲ್ಲರೆ ಯೂರೋ. ಐರಿಷ್ ಪಾಸ್‌ಪೋರ್ಟ್ ಇದ್ದುದರಿಂದ ಕೊಳ್ಳಲಾಯಿತು. ಆಗ ಐರೋಪ್ಯ ಒಕ್ಕೂಟದ ಪೌರರಲ್ಲದವರು ಈ ಕಂಪನಿಯ ಡಬ್ಲಿನ್ ಷೇರು ಕೊಳ್ಳುವಂತಿರಲಿಲ್ಲ, ನಾಸ್‌ಡಾಕ್‌ನ ಎಡಿಆರ್ ಮಾತ್ರ. 2025ರ ಮಾರ್ಚ್‌ನಲ್ಲಿ ಆ ನಿರ್ಬಂಧ ತೆಗೆದರು.

ಮುಂದಿನ ಬೇಸಿಗೆಗೆ ಷೇರು 20 ಯೂರೋ ದಾಟಿತು. 2025ರ ಮಾರ್ಚ್‌ಗೆ ಮುಗಿದ ವರ್ಷದ ಲಾಭ 161 ಕೋಟಿ. ಹತ್ತು ವರ್ಷದ ಸರಾಸರಿಯಿಂದ ನಾವು ತೆಗೆದ ಅಂಕಿಯೇ ಬಂದದ್ದು ಕಾಕತಾಳೀಯ, ನನ್ನ ಜಾಣತನವಲ್ಲ. ಗೆಳೆಯನ ಗೃಹಪ್ರವೇಶಕ್ಕೆ ಹೋದಾಗ ಅವನ ಹೆಂಡತಿ ಹೋಳಿಗೆ ಬಡಿಸುತ್ತ, "ನಿಮ್ಮ ಮಾತು ಕೇಳದೇ ಇದ್ದಿದ್ರೆ ಅಡುಗೆಮನೆಗೆ ಹೊಸ ಕಪಾಟು ಆಗ್ತಿತ್ತು ಭಾವ" ಅಂದರು. ಆಗುತ್ತಿತ್ತು, ನಿಜ. ಹೋಳಿಗೆ ಎರಡು ಹೆಚ್ಚೇ ತಿಂದೆ.